ಹಿತ್ತಲ ಅಂಚೆ: ಬೇರೆಯವರ ಮನೆ ತೋಟ ನೋಡಿ ಬಂದ ಮೇಲೆ

ಹೋದ ಸಂಚಿಕೆಯಲ್ಲಿ ಪುಣೆಯ ನಮ್ಮ ಗಲ್ಲಿಯ ಒಂದು ಪುಟ್ಟ ತೋಟದ ಬಗ್ಗೆ ನಾಲ್ಕು ಸಾಲು ಬರೆದು, ನೀವೂ ಯಾರದಾದರೂ ಮನೆ ತೋಟ ನೋಡಿ ಬಂದಿದ್ದರೆ ಬರೆಯಿರಿ ಅಂದಿದ್ದೆ. ಬರೆದಿದ್ದೀರಿ. ಅರ್ಧ ಪತ್ರ ಹೊಗಳಿಕೆ, ಅರ್ಧ ಗೋಳು. ಹೊಗಳಿಕೆಯನ್ನು ನಾನೇ ಇಟ್ಟುಕೊಂಡು ಗೋಳನ್ನು ಇಲ್ಲಿ ಹಾಕಿದ್ದೇನೆ.

*

ಪ್ರಶ್ನೆ: ಅಕ್ಕ, ಡಿಸೆಂಬರ್‌ನಲ್ಲಿ ಇಲ್ಲೇ ಪುಣೆಯ ಸಹಕಾರನಗರದಲ್ಲಿ ನಮ್ಮವರ ಆಫೀಸಿನವರೊಬ್ಬರ ಮನೆಗೆ ಹೋಗಿದ್ದೆವು. ಅಂಗಳ ಅಂದರೆ ನಾಲ್ಕು ಸ್ಕೂಟರ್ ನಿಲ್ಲಿಸುವಷ್ಟು ಜಾಗ, ಅಷ್ಟರಲ್ಲೇ ಕಣ್ಣು ತುಂಬುವಷ್ಟು ಬಣ್ಣ. ಫೋಟೋ ತೆಗೆದುಕೊಂಡು ಬಂದು, ಅದೇ ಫೋಟೋ ನರ್ಸರಿಯಲ್ಲಿ ತೋರಿಸಿ ಅವೇ ಗಿಡ ತಂದೆ. ಕ್ರೋಟನ್, ಬೋಗನ್‌ವಿಲ್ಲಾ, ಟೇಬಲ್ ರೋಸ್, ಕೋಲಿಯಸ್, ದಾಸವಾಳ. ಎರಡೂವರೆ ಸಾವಿರ ಆಯಿತು. ಮೂರು ತಿಂಗಳಲ್ಲಿ ಕ್ರೋಟನ್ ಹಸಿರಾಗಿದೆ, ಬೋಗನ್‌ವಿಲ್ಲಾ ಬರೀ ಎಲೆ, ಟೇಬಲ್ ರೋಸ್ ನೂಲಿನ ಹಾಗೆ ಉದ್ದವಾಗಿ ಮಲಗಿದೆ. ಕೋಲಿಯಸ್ ಮಾತ್ರ ನಗುತ್ತಿದೆ. ದಿನಾ ನೀರು ಹಾಕುತ್ತೇನೆ, ಗೊಬ್ಬರವನ್ನೂ ಹಾಕಿದ್ದೇನೆ. ನಮ್ಮದು ಮೂರನೇ ಮಹಡಿ, ಬಾಲ್ಕನಿ ಪೂರ್ವಕ್ಕೆ, ಎದುರಿಗೆ ಇನ್ನೊಂದು ಬಿಲ್ಡಿಂಗ್. ನನ್ನ ಕೈಗುಣವೇ ಸರಿಯಿಲ್ಲವಾ?
(ಕೋಥ್ರೂಡ್‌ನ ಓದುಗರು)

ಉತ್ತರ: ಕೈಗುಣ ಚೆನ್ನಾಗಿಯೇ ಇದೆ. ಕೋಲಿಯಸ್ ನಗುತ್ತಿದೆ ಅಂತ ನೀವೇ ಬರೆದಿದ್ದೀರಲ್ಲ, ಉತ್ತರ ಆ ಸಾಲಿನಲ್ಲೇ ಇದೆ, ಅದು ನೆರಳಿನಲ್ಲೂ ಬರುವ ಬಣ್ಣದೆಲೆಯ ಗಿಡ. ನೀವು ಅವರ ಮನೆಯಿಂದ ಗಿಡದ ಹೆಸರು ತಂದಿರಿ, ಬಿಸಿಲು ತರಲಿಲ್ಲ.

ಎದುರಿಗೆ ಬಿಲ್ಡಿಂಗ್ ಇರುವ ಪೂರ್ವದ ಬಾಲ್ಕನಿಗೆ ಬೆಳಗ್ಗೆ ಒಂದೂವರೆ-ಎರಡು ಗಂಟೆ ಬಿಸಿಲು ಬಿದ್ದರೆ ಪುಣ್ಯ. ಟೇಬಲ್ ರೋಸ್, ಬೋಗನ್‌ವಿಲ್ಲಾ ಎರಡೂ ಐದಾರು ಗಂಟೆ ನೇರ ಬಿಸಿಲು ಬೇಡುವ ಗಿಡಗಳು. ಕ್ರೋಟನ್ ಎಲೆಯ ಕೆಂಪು-ಹಳದಿ ಬರುವುದೂ ಬಿಸಿಲಿನಿಂದಲೇ. ಬೆಳಕು ಕಡಿಮೆಯಾದರೆ ಹೊಸ ಎಲೆ ಹಸಿರಾಗಿಯೇ ಹುಟ್ಟುತ್ತದೆ, ಸಿಕ್ಕಷ್ಟು ಬೆಳಕಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಗಿಡಕ್ಕೆ ಹಸಿರೇ ಬೇಕಲ್ವಾ. ಅದು ರೋಗ ಅಲ್ಲ, ಔಷಧಿ ಹುಡುಕಬೇಡಿ. ಇನ್ನು ಬೋಗನ್‌ವಿಲ್ಲಾ. ನಾವು ಅದರ ಹೂ ಅನ್ನುವುದು ಬಣ್ಣ ತಿರುಗಿದ ಎಲೆ. ನಿಜವಾದ ಹೂ ಅದರ ನಡುವೆ ಇರುವ ಸಣ್ಣ ಬಿಳಿ ಕೊಳವೆ, ಹತ್ತಿರ ಹೋಗಿ ನೋಡಿದರೆ ಮಾತ್ರ ಕಾಣುತ್ತದೆ. ಒಳ್ಳೆಯ ಬಿಸಿಲಿನಲ್ಲಿಟ್ಟು ಸ್ವಲ್ಪ ಬಾಯಾರಿಸಿದರೆ ಆ ಎಲೆಗಳು ಬಣ್ಣ ತಿರುಗುತ್ತವೆ. ದಿನಾ ನೀರು, ಮೇಲೆ ಗೊಬ್ಬರ ಸಿಕ್ಕಿತೋ, ಹಸಿರು ಎಲೆ ಬಿಡುತ್ತಾ ಸುಮ್ನೆ ಕೂರುತ್ತದೆ, ಮಾವನ ಮನೆಯಲ್ಲಿ ಉಪಚಾರ ಜಾಸ್ತಿಯಾದ ಅಳಿಯನ ಹಾಗೆ.

ಇನ್ನೊಂದು ವಿಷಯ. ನೀವು ನೋಡಿದ್ದು ಡಿಸೆಂಬರ್‌ನಲ್ಲಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಬಾಲ್ಕನಿ ಇದ್ದವರ ಮನೆಯಲ್ಲಿ ಬಿಸಿಲು ಸೋಫಾದವರೆಗೂ ಬರುತ್ತದೆ. ಮೇ ಮಧ್ಯಕ್ಕೆ ಪುಣೆ-ಮುಂಬಯಿಯಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ, ಕಂಬದ ನೆರಳು ಕಂಬದ ಬುಡದಲ್ಲೇ. ಅಲ್ಲಿಂದ ಜುಲೈ ಕೊನೆಯವರೆಗೆ ಅವನು ನಮ್ಮ ಉತ್ತರಕ್ಕಿರುತ್ತಾನೆ. ಅಂದರೆ ಚಳಿಗಾಲದಲ್ಲಿ ಬಿಸಿಲಿದ್ದ ದಕ್ಷಿಣದ ಬಾಲ್ಕನಿಗೆ ಬೇಸಿಗೆಯ ಕೊನೆಗೆ ನೇರ ಬಿಸಿಲೇ ಇಲ್ಲ, ಉತ್ತರದ ಬಾಲ್ಕನಿಗೆ ಉರಿ. ಹಾಗಾಗಿ ಯಾರದೇ ತೋಟ ನೋಡಲು ಹೋದರೂ ಮೊದಲು ಕೇಳಬೇಕಾದದ್ದು ಗಿಡದ ಹೆಸರಲ್ಲ. ಬಾಗಿಲು ಯಾವ ದಿಕ್ಕಿಗೆ, ಬಿಸಿಲು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೋಗುತ್ತದೆ, ಮಳೆಗಾಲದಲ್ಲಿ ಹೇಗೆ? ನಿಮ್ಮ ಪತ್ರದಲ್ಲಿ ಆ ಮನೆಯ ದಿಕ್ಕೇ ಇಲ್ಲ. ಬಹುಶಃ ನೀವು ನೋಡಿಯೂ ಇರಲಿಕ್ಕಿಲ್ಲ. ನೀವೊಬ್ಬರೇ ಅಲ್ಲ, ಬಣ್ಣ ಕಂಡರೆ ನಮಗೆಲ್ಲರಿಗೂ ದಿಕ್ಕು ತಪ್ಪುತ್ತದೆ.

ಎರಡನೆಯದಾಗಿ ಕೇಳಬೇಕಾದದ್ದು, "ಹಿಂದುಗಡೆ ಏನಿದೆ, ತೋರಿಸ್ತೀರಾ?" ಇದನ್ನು ನಾನು ಕಲಿತದ್ದು ನಮ್ಮ ಗಲ್ಲಿಯ ಆ ತೋಟದಲ್ಲೇ. ಗೇಟಿನಿಂದ ಮೆಟ್ಟಿಲವರೆಗೆ ಹನ್ನೆರಡು ಅಡಿ, ಅಗಲ ಒಂಬತ್ತು. ತೋಟದವರು ಧಾರವಾಡದ ಕಡೆಯವರು, ಎಪ್ಪತ್ತು ದಾಟಿದೆ, ಗಲ್ಲಿಯ ಮರಾಠಿ ಹುಡುಗರಿಗೆಲ್ಲ ಮಾವಶಿ, ನನಗೆ ಕಾಕು. ಕಾಂಪೌಂಡ್ ಗೋಡೆಗೆ ಸುಣ್ಣದಲ್ಲಿ ನೀಲಿ ಕಲಸಿ ಬಳಿದಿದ್ದಾರೆ. ಆ ನೀಲಿಯ ಮುಂದೆ ಕನಕಾಂಬರದ ಕಿತ್ತಳೆ, ಗೊರಟೆಯ ಹಳದಿ, ಕ್ರೋಟನ್ ಎಲೆಯ ಕೆಂಪು. ಕುಂಡ ಅಂತ ಕೊಂಡದ್ದು ಕಡಿಮೆ. ಎಣ್ಣೆ ಡಬ್ಬಿ, ತಳ ಸೀಳಿದ ಬಕೆಟ್, ಹಿಡಿ ಮುರಿದ ಕುಕ್ಕರ್. ಕುಕ್ಕರ್‌ನಲ್ಲಿ ಟೇಬಲ್ ರೋಸ್, ಅದೂ ನಾಲ್ಕು ಬಣ್ಣದ್ದು, ಬಾಯಿಂದ ಹೊರಗೆ ಉಕ್ಕಿ ಬಂದಿರುತ್ತದೆ. ವರ್ಷದಲ್ಲಿ ಯಾವತ್ತು ಹೋದರೂ ಹೂ. ಇದು ಹೇಗೆ ಸಾಧ್ಯ, ನಮ್ಮ ಮನೆಯ ಗಿಡಕ್ಕೆ ವರ್ಷಕ್ಕೆ ಎರಡು ಸಲ ಹೂ ಬಿಟ್ಟರೆ ಹೆಚ್ಚು ಅಂತ ನನಗೆ ಒಳಗೊಳಗೇ ಹೊಟ್ಟೆ ಉರಿ. ಒಂದು ದಿನ ಅವರ ಟ್ಯಾಂಕಿನ ವಾಲ್ವ್ ಕೆಟ್ಟಿತು ಅಂತ ಟೆರೇಸಿಗೆ ಜೊತೆಯಲ್ಲಿ ಹತ್ತಿದೆ. ಅಲ್ಲಿ ಎಂಬತ್ತು ಕುಂಡ! ಎಲ್ಲ ಬೋಳು, ಕತ್ತರಿಸಿದ್ದು, ಹಳದಿ ಬಿದ್ದದ್ದು, ಆಗ ತಾನೇ ಚಿಗುರು ಮೂಡಿದ್ದು. "ಇದು ಬಾಣಂತಿ ಖೋಲಿ," ಅಂದರು ಕಾಕು. "ಹೂವಿನ ಕೆಲಸ ಮುಗಿಸಿದವರು ಇಲ್ಲಿ ಬಂದು ಆರೈಕಿ ಮಾಡಿಸಿಕೊಂಡು ಹೋಗ್ತಾರ."

ಕೆಳಗೆ ಇರುವುದು ಮೂವತ್ತೇ. ಪ್ರತಿ ಭಾನುವಾರ ಬೆಳಗ್ಗೆ ಎಂಟೋ ಹತ್ತೋ ಕೆಳಗಿನವು ಮೇಲೆ, ಮೇಲಿನವು ಕೆಳಗೆ. ಬಣ್ಣದ ಗುಟ್ಟು ಇಷ್ಟೇ. ಎಣ್ಣೆ ಡಬ್ಬಿ, ಎಂಟು ಇಂಚಿನ ಕುಂಡ ಯಾಕೆ ಅಂತಲೂ ಆಗ ಗೊತ್ತಾಯಿತು. ಹನ್ನೆರಡು ಇಂಚಿನ ಕುಂಡದ ತುಂಬ ಒದ್ದೆ ಮಣ್ಣಿದ್ದರೆ 20 ಕೆ.ಜಿ. ದಾಟುತ್ತದೆ, ಎಪ್ಪತ್ತರ ಸೊಂಟಕ್ಕೆ ಅದನ್ನು ಹೊತ್ತು ಮೆಟ್ಟಿಲು ಹತ್ತುವುದು ಆಗದ ಮಾತು.

ಈಗ ನಿಮ್ಮ ಎರಡೂವರೆ ಸಾವಿರದ ವಿಷಯ. ಸೊಸೈಟಿಯವರು ಒಪ್ಪಿದರೆ ಕ್ರೋಟನ್, ಬೋಗನ್‌ವಿಲ್ಲಾ ಎರಡನ್ನೂ ಟೆರೇಸಿಗೆ ಸಾಗಿಸಿ. ಕ್ರೋಟನ್ನನ್ನು ಒಮ್ಮೆಲೇ ಉರಿಬಿಸಿಲಿಗೆ ಇಡಬೇಡಿ, ಎಲೆ ಸುಡುತ್ತದೆ, ಹದಿನೈದು ದಿನದಲ್ಲಿ ಸ್ವಲ್ಪಸ್ವಲ್ಪವೇ ಸರಿಸಿ. ಬಾಲ್ಕನಿಯಲ್ಲಿ ನಿಮಗೆ ಒಲಿದ ಕೋಲಿಯಸ್ಸನ್ನೇ ಬೆಳೆಸಿ. ತುದಿ ನಾಲ್ಕು ಬೆರಳಷ್ಟು ಚಿವುಟಿ ಲೋಟದ ನೀರಿನಲ್ಲಿಟ್ಟರೆ ವಾರ-ಹತ್ತು ದಿನಕ್ಕೆ ಬೇರು ಬರುತ್ತದೆ. ಹೂವಿನ ಕಡ್ಡಿ ಬಂದರೆ ಮುಲಾಜಿಲ್ಲದೆ ಚಿವುಟಿ, ಇಲ್ಲದಿದ್ದರೆ ಗಿಡ ಬಡಕಲಾಗುತ್ತದೆ. ಬಣ್ಣ ಬೇರೆ ಬೇರೆಯದು ಐದಾರು ಇದ್ದರೆ ಹೂವಿನ ಹಂಗೇ ಬೇಡ. ಜೊತೆಗೆ ಎಲೆಯ ಚೆಂದಕ್ಕೇ ಬೆಳೆಸುವ ಅಗ್ಲೋನಿಮಾ, ಸಿಂಗೋನಿಯಂ, ಕ್ಯಾಲಾಡಿಯಂ. ಕ್ಯಾಲಾಡಿಯಂ ಚಳಿಗಾಲದಲ್ಲಿ ಪೂರ್ತಿ ಮಾಯವಾಗುತ್ತದೆ, ಸತ್ತಿತು ಅಂತ ಕುಂಡ ಬರಿದು ಮಾಡಿಬಿಡಬೇಡಿ, ಗಡ್ಡೆ ಮಲಗಿರುತ್ತದೆ, ಮಳೆಗೆ ಏಳುತ್ತದೆ. ದಾಸವಾಳ ಉಳಿಯುತ್ತದೆ, ಹೂ ಮಾತ್ರ ಹಬ್ಬಕ್ಕೊಂದು.

*

ಪ್ರಶ್ನೆ: ತೋಟ ನೋಡಲು ಬನ್ನಿ ಅಂತ ಸಂಜೆ ಐದಕ್ಕೆ ಕರೆದಿದ್ದರು. ಹೋದರೆ ಅರ್ಧ ಹೂ ಮುಚ್ಚಿಕೊಂಡಿತ್ತು. ಅವರೇ ಪಾಪ ಮುಜುಗರ ಪಟ್ಟರು. ಯಾವ ಹೊತ್ತಿಗೆ ಹೋಗುವುದು ಒಳ್ಳೆಯದು?
(ಡೊಂಬಿವಲಿಯ ಓದುಗರು)

ಉತ್ತರ: ಟೇಬಲ್ ರೋಸ್ ಇರುವ ಮನೆಗೆ ಸಂಜೆ ಹೋಗಬಾರದು. ಅದರದ್ದು ಸರ್ಕಾರಿ ಆಫೀಸಿನ ಟೈಮು. ಒಂಬತ್ತು-ಹತ್ತಕ್ಕೆ ಬಿಸಿಲು ಬಿದ್ದ ಮೇಲೆ ತೆರೆಯುತ್ತದೆ, ಊಟದ ಹೊತ್ತು ಕಳೆಯಿತೋ ಬಾಗಿಲು ಹಾಕುತ್ತದೆ. ಸಂಜೆ ಮಲ್ಲಿಗೆ ಇದಕ್ಕೆ ಉಲ್ಟಾ, ನಾಲ್ಕರ ಮೇಲೆ ಅರಳುತ್ತದೆ (ನಿಮ್ಮ ಕಡೆ ಗುಲ್‌ಬಕ್ಷಿ ಅನ್ನುತ್ತಾರೆ). ಪಾರಿಜಾತ ಬೇಕಿದ್ದರೆ ನಸುಕಿನಲ್ಲಿ ಹೋಗಿ ನೆಲ ನೋಡಬೇಕು. ಗೇಟಿನ ಮೇಲೆ ಮಧುಮಾಲತಿ ಹಬ್ಬಿದ್ದರೆ ಯಾವ ಹೊತ್ತಾದರೂ ಸರಿ, ಬಿಳಿಯಾಗಿ ಅರಳಿ, ಆಮೇಲೆ ಗುಲಾಬಿ, ಕೊನೆಗೆ ಕೆಂಪು, ಒಂದೇ ಗೊಂಚಲಿನಲ್ಲಿ ಮೂರೂ ಇರುತ್ತವೆ. ಬೆಟ್ಟದಾವರೆ ಇದ್ದವರ ಮನೆಗೆ ಮಾತ್ರ ಎರಡು ಸಲ ಹೋಗಬೇಕು, ಬೆಳಗ್ಗೆ ಬಿಳಿ ಇದ್ದದ್ದು ಸಂಜೆಗೆ ಕೆಂಪಾಗಿರುತ್ತದೆ. ಎರಡು ಸಲವೂ ಚಹಾ ಕೊಡಬೇಕಾದೀತು ಅಂತ ಅವರು ಹೇಳಲಿಕ್ಕಿಲ್ಲ.

ಸಾಮಾನ್ಯವಾಗಿ ಹೇಳುವುದಾದರೆ ಬೆಳಗ್ಗೆ ಒಂಬತ್ತೂವರೆ. ನೀರು ಹಾಕಿ ಆಗಿರುತ್ತದೆ, ಪೂಜೆಗೆ ಕೊಯ್ದು ಆಗಿರುತ್ತದೆ, ಅಡುಗೆ ಶುರುವಾಗಿರುವುದಿಲ್ಲ. ತಿಂಡಿ ತಿಂದೇ ಬರುತ್ತೇವೆ ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಅವರು ಒಳಗೆ ಉಪ್ಪಿಟ್ಟು ಕೆದಕುತ್ತಾ, ನೀವು ಹೊರಗೆ ಗಿಡದ ಹೆಸರು ಗೊತ್ತಿಲ್ಲದೆ ನಿಂತಿರುತ್ತೀರಿ.

ಬ್ರಹ್ಮಕಮಲಕ್ಕೆ ಇದ್ಯಾವುದೂ ಅನ್ವಯಿಸುವುದಿಲ್ಲ. ಮಳೆಗಾಲದಲ್ಲಿ ರಾತ್ರಿ ಹತ್ತಕ್ಕೆ ಯಾರಾದರೂ ಫೋನ್ ಮಾಡಿ "ಇವತ್ತು ಅರಳುತ್ತೆ, ಬನ್ನಿ" ಅಂದರೆ ಇದ್ದ ಬಟ್ಟೆಯಲ್ಲಿ ಓಡಿ. ಬೆಳಗಾಗುವಷ್ಟರಲ್ಲಿ ಅದು ಬಾಡಿದ ಕೋಳಿಯ ಕುತ್ತಿಗೆಯ ಹಾಗೆ ನೇತಾಡುತ್ತಿರುತ್ತದೆ. ಅಂದ ಹಾಗೆ ನಮ್ಮ ಮನೆಗಳಲ್ಲಿರುವುದು ಹಿಮಾಲಯದ ಬ್ರಹ್ಮಕಮಲ ಅಲ್ಲ, ಮೆಕ್ಸಿಕೋ ಕಡೆಯಿಂದ ಬಂದ ಒಂದು ಜಾತಿಯ ಕಳ್ಳಿ. ನಾವು ಎಲೆ ಅನ್ನುವುದು ಅದರ ಕಾಂಡ, ಅದಕ್ಕೇ ತುಂಡು ಊರಿದರೂ ಬದುಕುತ್ತದೆ. ಇದನ್ನು ಅವರ ಮನೆಯಲ್ಲಿ, ಅದೂ ಅವರು ಆರತಿ ಎತ್ತುವಾಗ ಹೇಳಬೇಡಿ. ನಾನು ಹೇಳಿದ್ದೇನೆ, ಆಮೇಲೆ ಅವರು ನನ್ನನ್ನು ಕರೆದಿಲ್ಲ.

*

ಪ್ರಶ್ನೆ: ನಾವು ವಿಜಯಪುರದ ಕಡೆಯವರು, ವಾಸ್ಕೋದಲ್ಲಿ ಇದ್ದು ಮೂವತ್ತು ವರ್ಷ ಆಯಿತು. ಮನೆ ಮುಂದೆ ಕೆಂಪು ಕೇಪಳದ ಗಿಡ ಆಳೆತ್ತರ ಇದೆ. ಪುಣೆಯ ಮಗಳು ಬಂದಾಗಲೆಲ್ಲ ಆಸೆಪಟ್ಟು ಅದರ ಮರಿ ಒಯ್ಯುತ್ತಾಳೆ. ಮೂರು ಸಲ ಒಯ್ದಳು, ಮೂರು ಸಲವೂ ಎಲೆ ಹಳದಿಯಾಗಿ ಒಣಗಿತು. ಇಲ್ಲಿ ನಾವು ಅದರ ಕಡೆ ತಿರುಗಿಯೂ ನೋಡುವುದಿಲ್ಲ, ಹೂ ಬಿಟ್ಟೇ ಬಿಡುತ್ತದೆ. ಅಲ್ಲಿ ಏನು ಕಡಿಮೆ ಮಾಡುತ್ತಿದ್ದಾಳೆ?
(ವಾಸ್ಕೋದ ಓದುಗರು)

ಉತ್ತರ: ಮಗಳನ್ನು ಬೈಯಬೇಡಿ. ನಾನೂ ಇದೇ ಪಾಪ ಮಾಡಿದ್ದೇನೆ. ಮಡಗಾಂವ್ ಹತ್ತಿರ ಒಬ್ಬರ ಮನೆ ಮುಂದಿನ ತೋಟ ನೋಡಿ, ಹಳದಿ ಗೋಡೆ, ಬಾಲ್ಕಾಂವ್‌ನ (ಮನೆ ಮುಂದಿನ ಜಗಲಿ) ಕಟ್ಟೆಯ ಮೇಲೆ ಸಾಲಾಗಿ ಕುಂಡ, ಮೆಟ್ಟಿಲ ಎರಡೂ ಕಡೆ ಕೇಪಳ, ಮರುಳಾಗಿ ಎರಡು ಗಿಡ ಬೇಡಿ ತಂದೆ. ಗೋವಾ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಆರು ತಿಂಗಳೂ ಬದುಕಲಿಲ್ಲ.

ವ್ಯತ್ಯಾಸ ಇರುವುದು ನೆಲದಲ್ಲಿ. ನಿಮ್ಮದು ಜಂಬಿಟ್ಟಿಗೆ ಕಲ್ಲಿನ ಕೆಂಪು ಮಣ್ಣು, ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಮಣ್ಣಿನಲ್ಲಿದ್ದ ಸುಣ್ಣವೆಲ್ಲ ಎಂದೋ ತೊಳೆದು ಸಮುದ್ರ ಸೇರಿದೆ, ಉಳಿದದ್ದು ಹುಳಿ ಮಣ್ಣು. ಕೇಪಳಕ್ಕೆ ಬೇಕಾದದ್ದು ಅದೇ. ಪುಣೆಯಲ್ಲಿ ಮಳೆ ಸುಮಾರು 700 ಮಿಲಿಮೀಟರ್, ಕರಿ ಕಲ್ಲಿನಿಂದ ಆದ ಕಪ್ಪು ಮಣ್ಣು, ಕೈಯಲ್ಲಿ ಪುಡಿ ಮಾಡಿದರೆ ಬಿಳಿ ಸುಣ್ಣದ ಹರಳು ಸಿಗುತ್ತವೆ. ಬೋರ್‌ವೆಲ್ ನೀರೂ ಗಡಸು. ಸುಣ್ಣ ಜಾಸ್ತಿ ಇದ್ದಲ್ಲಿ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎತ್ತಿಕೊಳ್ಳಲು ಆಗುವುದಿಲ್ಲ. ಬಾಳೆಲೆ ತುಂಬ ಬಡಿಸಿ ಕೈ ಕಟ್ಟಿ ಕೂರಿಸಿದ ಹಾಗೆ. ಮಗಳಿಗೆ ಫೋನ್ ಮಾಡಿ ಕೇಳಿ, ಹಳದಿಯಾಗುವುದು ತುದಿಯ ಹೊಸ ಎಲೆಗಳೇ ಅಲ್ವಾ, ನರ ಹಸಿರು, ನಡುವೆ ಹಳದಿ? ಹಾಗಿದ್ದರೆ ಇದೇ.

ಮುಂದಿನ ಸಲ ಗಿಡದ ಜೊತೆ ಒಂದು ಚೀಲ ನಿಮ್ಮ ಮಣ್ಣನ್ನೂ ಕಳಿಸಿ. ಕುಂಡದಲ್ಲಿ ಅದು ಅರ್ಧ, ಕೊಳೆತ ಎಲೆಗೊಬ್ಬರ ಅರ್ಧ. ಬೂದಿ, ಮೊಟ್ಟೆ ಚಿಪ್ಪಿನ ಪುಡಿ ಎರಡೂ ಬೇಡ, ಒಳ್ಳೆಯದು ಅಂತ ಯಾರು ಹೇಳಿದರೂ ಬೇಡ. ಮಳೆ ನೀರು ಹಿಡಿದಿಟ್ಟರೆ ಉತ್ತಮ. ಎಲೆ ಆಗಲೇ ಹಳದಿ ತಿರುಗಿದ್ದರೆ ಗೊಬ್ಬರದ ಅಂಗಡಿಯಲ್ಲಿ ಚಿಲೇಟೆಡ್ ಐರನ್ ಅಂತ ಪುಡಿ ಸಿಗುತ್ತದೆ, ಲೀಟರ್ ನೀರಿಗೆ ಅರ್ಧ ಗ್ರಾಂ, ಸಂಜೆ ಹೊತ್ತು ಎಲೆಗೆ ಸಿಂಪಡಿಸಲಿ. ಇಷ್ಟೆಲ್ಲ ರಗಳೆ ಬೇಡ ಅನ್ನಿಸಿದರೆ ಬೋಗನ್‌ವಿಲ್ಲಾ ಕಡ್ಡಿ ಕೊಟ್ಟು ಕಳಿಸಿ. ಅದಕ್ಕೆ ನಿಮ್ಮ ಮಳೆಗಿಂತ ಪುಣೆಯ ಒಣ ಹವೆಯೇ ಹಿತ, ಮಗಳ ಮನೆಗೆ ಬಂದಾಗ ನೀವು ನೋಡಿ ಆಸೆಪಡುವ ಸರದಿ ಬರುತ್ತದೆ.

*

ಪ್ರಶ್ನೆ: ಬೆಂಗಳೂರಿನಿಂದ ಹಿಂಜವಡಿಗೆ ಬಂದು ಎರಡು ತಿಂಗಳು. ಪಕ್ಕದ ಆಂಟಿ ಅವರ ಬಾಲ್ಕನಿ ತೋಟ ತೋರಿಸುತ್ತಾ, ನಮ್ಮ ಅತ್ತೆ-ಮಾವನ ಎದುರಿಗೇ "ತುಮ್ಚ್ಯಾಕಡೆ ಕಿತಿ ಕುಂಡ್ಯಾ ಆಹೇತ್?" ಅಂದರು. ಅತ್ತೆ ಕೆಮ್ಮು ಬಂದವರ ಹಾಗೆ ಮಾಡಿ ಒಳಗೆ ಓಡಿದರು. ನಾನೇನು ಉತ್ತರ ಕೊಡಬೇಕಿತ್ತು?
(ಹೆಸರು ಬೇಡ ಎಂದವರು)

ಉತ್ತರ: "ಸಹಾ ಆಹೇತ್" ಅನ್ನಬೇಕಿತ್ತು, ಆರು ಇದ್ದರೆ. ನಿಮ್ಮಲ್ಲಿ ಎಷ್ಟು ಕುಂಡ ಇವೆ ಅಂತ ಆಂಟಿ ಕೇಳಿದ್ದು. ಮರಾಠಿಯಲ್ಲಿ ಕುಂಡಿ ಅಂದರೆ ನಮ್ಮ ಕುಂಡ, ಅಷ್ಟೇ. ಪುಣೆಯ ಪ್ರತಿ ಕನ್ನಡದ ಮನೆಯಲ್ಲೂ ಈ ನಗು ಒಮ್ಮೆ ಆಗಿಹೋಗಿರುತ್ತದೆ. ನಮ್ಮ ಮನೆಗೆ ಮೊದಲ ಸಲ ಬಂದ ಮಾಳಿ ಗಿಡ ನೋಡಿ ಗಂಭೀರವಾಗಿ "ಮೋಠೀ ಕುಂಡೀ ಪಾಹಿಜೇ" (ದೊಡ್ಡ ಕುಂಡ ಬೇಕು) ಅಂದಾಗ ಹುಬ್ಬಳ್ಳಿಯಿಂದ ಬಂದಿದ್ದ ನನ್ನ ತಮ್ಮ ಅಂಗಳದಲ್ಲೇ ಕೂತುಬಿಟ್ಟಿದ್ದ.

ಇನ್ನೂ ಕೆಲವು ತಿಳಿದಿರಲಿ, ನರ್ಸರಿಯಲ್ಲಿ ಬೇಕಾಗುತ್ತವೆ. ಗೊಬ್ಬರ ಖತ, ಸಸಿ ರೋಪ, ಟೊಂಗೆ ಫಾಂದಿ. ದಾಸವಾಳ ಜಾಸ್ವಂದ, ನಿತ್ಯಪುಷ್ಪ ಸದಾಫುಲಿ, ಕನಕಾಂಬರ ಅಬೋಲಿ. ನಮ್ಮ ಕರ್ಣಕುಂಡಲ, ಕೆಲವರು ಗೌರಿ ಹೂ ಅನ್ನುವುದು, ಇಲ್ಲಿ ತೇರಡಾ. ಕೊಂಕಣದ ಕಡೆ ಗೌರಿ ಹಬ್ಬಕ್ಕೆ ಕಾಡು ತೇರಡೆಯ ಗಿಡವನ್ನೇ ಗೌರಿ ಅಂತ ಮನೆಗೆ ತಂದು ಕೂರಿಸುತ್ತಾರೆ. "ತೇರಡ್ಯಾಚಾ ರಂಗ ತೀನ್ ದಿವಸ್" ಅಂತ ಗಾದೆಯೂ ಇದೆ, ಅದರ ಬಣ್ಣ ಮೂರೇ ದಿನ ಅಂತ. ಹೊಸದಾಗಿ ಜಿಮ್‌ಗೆ ಸೇರಿದವರಿಗೆ ನಮ್ಮ ಬಿಲ್ಡಿಂಗಿನಲ್ಲಿ ಇದನ್ನೇ ಹೇಳುತ್ತಾರೆ.

*

ಪ್ರಶ್ನೆ: ಚೆಂಬೂರಿನಲ್ಲಿ ಒಬ್ಬರ ತೋಟದಲ್ಲಿ ಎರಡು ಬಣ್ಣದ ದಾಸವಾಳ ನೋಡಿದೆ. ಕಡ್ಡಿ ಕೇಳಲು ನಾಚಿಕೆ. ಕದ್ದು ತಂದ ಗಿಡವೇ ಚೆನ್ನಾಗಿ ಬರುತ್ತದೆ ಅಂತ ನಮ್ಮತ್ತೆ. ನಿಜವೇ?
(ಮಾಟುಂಗಾದ ಓದುಗರು)

ಉತ್ತರ: ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳಿ. ಕದ್ದದ್ದು ಚೆನ್ನಾಗಿ ಬರುತ್ತದೆ ಅನ್ನುವುದಕ್ಕೆ ಕಾರಣ ಸುಲಭ. ಕದಿಯಲು ಸಿಗುವುದು ಬೇಲಿಯಿಂದ ಹೊರಗೆ ಚಾಚಿದ, ಯಾರೂ ನೋಡದಿದ್ದರೂ ಬೆಳೆಯುವ ಗಟ್ಟಿ ಗಿಡ. ಅದು ಎಲ್ಲಿ ಊರಿದರೂ ಬರುತ್ತದೆ. ಒಳಗಿನ ನಾಜೂಕಿನ ಗಿಡವನ್ನು ಯಾರೂ ಕದ್ದು ನೋಡಿಲ್ಲ, ಹಾಗಾಗಿ ಲೆಕ್ಕ ಒಂದೇ ಕಡೆಯದು.

ಕೇಳಿ. ಆದರೆ ಹೋದ ಐದು ನಿಮಿಷಕ್ಕೇ ಕೇಳಬೇಡಿ, ಮೊಗ್ಗು ತುಂಬಿದ ಟೊಂಗೆ ತೋರಿಸಿ "ಇದು ಕೊಡಿ" ಅನ್ನಬೇಡಿ. "ಮಳೆ ಶುರುವಾದ ಮೇಲೆ ಕತ್ತರಿಸುವಾಗ ನನ್ನನ್ನು ನೆನಪಿಸಿಕೊಳ್ಳಿ" ಅಂದರೆ ಸಾಕು. ಗಿಡ ಇಟ್ಟವರು ಜೂನ್-ಜುಲೈನಲ್ಲಿ ಹೇಗೂ ಕತ್ತರಿಸುತ್ತಾರೆ, ಬೇರು ಬರಲು ಅದೇ ಒಳ್ಳೆಯ ಕಾಲ. ಪೆನ್ಸಿಲ್ ದಪ್ಪದ್ದು, ತೀರ ಎಳೆಯದೂ ಅಲ್ಲ, ಮರವಾದದ್ದೂ ಅಲ್ಲ, ಗೇಣುದ್ದ. ಕೆಳಗಿನ ತುದಿ ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿದ್ದಿರಲಿ. ತುದಿಯ ಎರಡು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಅವತ್ತೇ ಊರಿ, ನೆರಳಿನಲ್ಲಿಡಿ. ಬೇರು ಬಂತಾ ಅಂತ ದಿನಾ ಕಿತ್ತು ನೋಡುವ ಚಪಲ ನಿಮಗಿದ್ದರೆ ಮೂರು ಕಡ್ಡಿ ಕೇಳಿ, ಒಂದು ಉಳಿದೀತು.

ತಂದ ಕಡ್ಡಿಯನ್ನು ಉಳಿದ ಗಿಡಗಳಿಂದ ಹದಿನೈದು ದಿನ ದೂರವಿಡಿ. ಇದನ್ನು ನಾನು ಬೆಲೆ ತೆತ್ತು ಕಲಿತೆ. ಒಂದು ಸಲ ತಂದ ದಾಸವಾಳದ ಕಡ್ಡಿಯ ಕಂಕುಳಲ್ಲಿ ಹತ್ತಿಯ ಎಳೆಯಷ್ಟು ಬಿಳಿ ಇತ್ತು, ಧೂಳು ಅಂದುಕೊಂಡೆ. ಹಿಟ್ಟು ತಿಗಣೆ. ಇರುವೆಗಳು ಅದರ ಸಿಹಿಯಂಟಿಗೆ ಸೋತು ಗಿಡದಿಂದ ಗಿಡಕ್ಕೆ ಹೊತ್ತು ಸಾಗಿಸಿದವು. ತಿಂಗಳಲ್ಲಿ ನನ್ನ ಹನ್ನೊಂದು ದಾಸವಾಳಕ್ಕೂ ಹಬ್ಬಿ ಮೊಗ್ಗು ಅರಳದೆ ಉದುರಿದವು. ಪೈಪಿನ ನೀರು ಜೋರಾಗಿ ಬಿಟ್ಟು ತೊಳೆದು, ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಕಲಸಿ ವಾರಕ್ಕೊಮ್ಮೆ ಹೊಡೆದು, ಸರಿಹೋಗಲು ಒಂದು ಮಳೆಗಾಲ ಬೇಕಾಯಿತು. ಕೊಟ್ಟವರಿಗೆ ಇವತ್ತಿಗೂ ಹೇಳಿಲ್ಲ.

ಬರಿಗೈಲಿ ಹೋಗಬೇಡಿ. ಸ್ವೀಟ್ ಬಾಕ್ಸ್ ಬೇಡ. ಎರಡು ಕೆ.ಜಿ. ಸಾಸಿವೆ ಹಿಂಡಿ ಒಯ್ಯಿರಿ, ಅವರ ಮುಖ ನೋಡಿ.

*

ಪ್ರಶ್ನೆ: ನಮಗೆ ತೋಟ ಇರುವ ಪರಿಚಯದವರೇ ಇಲ್ಲ. ಎಲ್ಲಿ ಹೋಗಿ ನೋಡುವುದು?
(ಪನವೇಲ್‌ನ ಓದುಗರು)

ಉತ್ತರ: ಪುಣೆಯ ರೇಸ್‌ಕೋರ್ಸ್ ಪಕ್ಕದ ಎಂಪ್ರೆಸ್ ಗಾರ್ಡನ್‌ನಲ್ಲಿ ಜನವರಿ ಕೊನೆಯ ಹೊತ್ತಿಗೆ ಹೂವಿನ ಪ್ರದರ್ಶನ ಇರುತ್ತದೆ, ಮನೆಯಲ್ಲಿ ಬೆಳೆಸಿದ ಕುಂಡಗಳೂ ಬರುತ್ತವೆ. ಹೂ ಬಿಟ್ಟಾಗ ಮಾತ್ರ ತಂದಿಟ್ಟವು ಅನ್ನುವುದು ನೆನಪಿರಲಿ, ಅಲ್ಲಿಯೂ ನಮ್ಮ ಕಾಕುವಿನದೇ ಲೆಕ್ಕ. ಮುಂಬಯಿಯಲ್ಲಿ ಗಿರಗಾಂವ್‌ನ ಖೋತಾಚಿವಾಡಿ, ಬಾಂದ್ರಾದ ರಣವಾರ್, ಗೋವೆಯಲ್ಲಿ ಪಣಜಿಯ ಫೌಂಟೇನ್ಹಾಸ್. ಬಣ್ಣದ ಮನೆಗಳು, ಕಿಟಕಿಗೂ ಮೆಟ್ಟಿಲಿಗೂ ಕುಂಡಗಳು. ಕೈಯಗಲ ಜಾಗದಲ್ಲಿ ಏನು ಮಾಡಬಹುದು ಅಂತ ಅಲ್ಲಿ ನೋಡಬೇಕು, ರಸ್ತೆಯಲ್ಲೇ ನಿಂತು. ಅವು ಜನ ವಾಸವಿರುವ ಮನೆಗಳು, ಫೋಟೋದವರ ಕಾಟ ಅವರಿಗೆ ಸಾಕಾಗಿದೆ. ಮತ್ತೆ, ನಿಮ್ಮ ಬಿಲ್ಡಿಂಗಿನಲ್ಲೇ ಯಾವ ಬಾಲ್ಕನಿಯಿಂದ ಬೆಳಗ್ಗೆ ನೀರು ತೊಟ್ಟಿಕ್ಕುತ್ತದೆ ನೋಡಿ, ಆ ಮನೆಯ ಬೆಲ್ ಒತ್ತಿ. ಜಗಳಕ್ಕೆ ಬಂದಿದ್ದೀರಿ ಅಂದುಕೊಂಡು ಬಾಗಿಲು ತೆಗೆಯುತ್ತಾರೆ, ತೋಟ ನೋಡಲು ಅಂದರೆ ಅರ್ಧ ಗಂಟೆ ಬಿಡುವುದಿಲ್ಲ.

*

ಪ್ರಶ್ನೆ: ನಮ್ಮದು ಉಲ್ಟಾ ಕತೆ. ಮುಲುಂಡ್‌ನಲ್ಲಿ ನೆಲಮಹಡಿ, ನಲವತ್ತು ಕುಂಡ. ಮೊದಲು ಒಬ್ಬಿಬ್ಬರು ನೋಡಲು ಬರುತ್ತಿದ್ದರು, ಈಗ ಭಾನುವಾರ ಸಾಲು. ಒಬ್ಬರು ಹೇಳದೆ ಕೇಳದೆ ಹೂ ಕಿತ್ತು ಮುಡಿಗೆ ಸಿಕ್ಕಿಸಿಕೊಂಡರು. ಮಕ್ಕಳು ಮೊಗ್ಗು ಚಿವುಟುತ್ತಾರೆ. ಸಾಲದ್ದಕ್ಕೆ ಹೋದ ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆಯಲ್ಲಿ ಸೊಳ್ಳೆ ಮರಿ ಸಿಕ್ಕಿತು ಅಂತ ನೋಟಿಸ್ ಬೇರೆ ಬಂತು. ತೋಟವೇ ಬೇಡ ಅನ್ನಿಸಿದೆ.
(ಮುಲುಂಡ್‌ನ ಓದುಗರು)

ಉತ್ತರ: ತೋಟ ಬೇಕು, ಸಾಲು ಬೇಡ. ತಿಂಗಳಿಗೆ ಒಂದೇ ಭಾನುವಾರ, ಒಂದೇ ಗಂಟೆ ಅಂತ ಹೇಳಿಬಿಡಿ. ಬೇಜಾರು ಮಾಡಿಕೊಳ್ಳುವವರು ಹೂ ಕೀಳುವವರೇ ಆಗಿರುತ್ತಾರೆ.

ತಟ್ಟೆಯ ವಿಷಯದಲ್ಲಿ ಮಾತ್ರ ನೋಟಿಸ್ ಕೊಟ್ಟವರ ಕಡೆಗೇ ನಾನು. ಡೆಂಗಿ ಸೊಳ್ಳೆಗೆ ಒಂದು ಮುಚ್ಚಳ ನೀರು ಸಾಕು, ಮೊಟ್ಟೆಯಿಂದ ರೆಕ್ಕೆ ಬರಲು ವಾರ-ಹತ್ತು ದಿನ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಟ್ಟೆಗಳನ್ನು ತೆಗೆದು ಅಟ್ಟಕ್ಕೆ ಹಾಕಿ, ಕುಂಡದ ಕೆಳಗೆ ಎರಡು ಇಟ್ಟಿಗೆ ಚೂರು ಇಡಿ. ನೀವು ನೆಲಮಹಡಿ, ನೀರು ಯಾರ ತಲೆಯ ಮೇಲೂ ಬೀಳುವುದಿಲ್ಲ.

ಮಕ್ಕಳಿಗೆ "ಮುಟ್ಟಬೇಡ" ಅಂದರೆ ಮುಟ್ಟುತ್ತವೆ. ಅವುಗಳಿಗೆ ಅಂತಲೇ ಗೇಟಿನ ಹತ್ತಿರ ನಾಲ್ಕು ಕುಂಡ ಕರ್ಣಕುಂಡಲ ಹಾಕಿ. ಬಲಿತ ಕಾಯಿ ಬೆರಳು ತಾಗಿದ ಕೂಡಲೇ ಟಪ್ ಅಂತ ಸಿಡಿದು ಸಿಪ್ಪೆ ಸುರುಳಿ ಸುತ್ತಿಕೊಳ್ಳುತ್ತದೆ. ಒಂದು ಕಾಯಿ ಸಿಡಿಸಿ ತೋರಿಸಿದರೆ ಮತ್ತೆ ಅರ್ಧ ಗಂಟೆ ಅವು ಅಲ್ಲಿಂದ ಏಳುವುದಿಲ್ಲ. ಬೀಜ ನೀವು ಬಿತ್ತುವ ಕೆಲಸವೂ ಉಳಿಯಿತು.

ಇನ್ನು ದೊಡ್ಡವರ ಕೈ. ಕಾಕುವಿನ ಉಪಾಯ ಹೇಳುತ್ತೇನೆ. ಯಾರು ಬಂದರೂ ಅವರು ಮೊದಲು ಕೈಗೆ ಒಂದು ತುಂಬಿದ ಚೊಂಬು ಕೊಡುತ್ತಾರೆ. "ಆ ಮೂಲಿ ಮಲ್ಲಿಗಿಗೆ ಹಾಕಿ ಬರ್ರಿ" ಅಂತ. ಎರಡೂ ಕೈಯಲ್ಲಿ ನೀರು ಹಿಡಿದವರು ಹೂ ಕೀಳುವುದು ಹೇಗೆ? ಮೂಲೆಯವರೆಗೆ ಚೆಲ್ಲದ ಹಾಗೆ ನಿಧಾನ ನಡೆಯಬೇಕು, ನಡೆಯುವಾಗ ಎರಡೂ ಕಡೆ ನೋಡಲೇಬೇಕು. ಅಷ್ಟರಲ್ಲಿ ತೋಟ ನೋಡಿ ಆಯಿತು. ಹೋದ ದೀಪಾವಳಿಯ ಭಾನುವಾರ ಹದಿನಾಲ್ಕು ಜನ ಬಂದಿದ್ದರು, ಹದಿನಾಲ್ಕು ಚೊಂಬು ಬಿತ್ತು. ಮಾರನೇ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಕಾಕು ಆ ಮಲ್ಲಿಗೆಯ ಕುಂಡವನ್ನು ಎದೆಗಾನಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. "ಸಾಕಾಗೇದ ಇದಕ್ಕ," ಅಂದರು. ಈಗ ಅದು ಬಾಣಂತಿ ಖೋಲಿಯಲ್ಲಿದೆ, ಮೂಲೆಯಲ್ಲಿ ಯಾವುದಕ್ಕೂ ಇರಲಿ ಅಂತ ಒಂದು ಕೆಸುವಿನ ಕುಂಡ ಇಟ್ಟಿದ್ದಾರೆ.